ಬಾಣಂತಿಯ ಒಸಡು

ಕುಶಾಲನಗರದ ಹತ್ತಿರದಿಂದ,
ಭಾನುವಾರ, ೨೩ ಜನವರಿ ೧೯೫೫

ಪ್ರೀತಿಯ ಮನೋರಮಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತವಳು ನಾನು. ಅದು ಸಾಲದೆಂಬಂತೆ ಹೋದ ತಿಂಗಳು ಮಡಿಕೇರಿಗೆ ಬಂದು, ನೀನು ಪಾಠ ಹೇಳುವ ಶಾಲೆಯ ಗೇಟಿನ ಮುಂದೆಯೇ ಹಾದು, ನಿನ್ನ ಮುಖ ನೋಡದೆ ವಾಪಸು ಬಸ್ಸು ಹತ್ತಿದೆ. ಬಯ್ಯುವುದಿದ್ದರೆ ಈಗಲೇ ಬಯ್ದುಬಿಡು. ಆಮೇಲೆ ಓದು.

ಬಾಯಿ ತೆರೆಯಲು ನಾಚಿಕೆ ಕಣೇ. ಹಾಸ್ಟೆಲಿನಲ್ಲಿ ನನ್ನ ನಗು ಮೂರು ಕೋಣೆ ಆಚೆಗೆ ಕೇಳುತ್ತದೆಂದು ನೀನೇ ರೇಗಿಸುತ್ತಿದ್ದೆಯಲ್ಲ, ಆ ನಗು ನಿಂತೇಹೋಗಿತ್ತು. ಬಸುರಿಯಾಗಿದ್ದಾಗಲೇ ಒಸಡು ಕೆಂಪಗೆ ಊದಿ, ಹಲ್ಲುಜ್ಜಿದರೆ ರಕ್ತ. ಆಷಾಢದಲ್ಲಿ ಮಗ ಹುಟ್ಟಿದ. ಅಮ್ಮ ಇಲ್ಲದವಳು ನಾನು, ಬಾಣಂತನ ಅತ್ತೆಯೇ ಮಾಡಿದರು. ಅವರದು ಹಾಸನದ ಕಡೆಯಿಂದ ತಂದ ಕಟ್ಟುನಿಟ್ಟು. "ಹಸಿ ಬಾಣಂತಿ ಹಲ್ಲಿಗೆ ಕಡ್ಡಿಗಿಡ್ಡಿ ತಾಕಿಸ್ಬ್ಯಾಡ ಕಣವ್ವ, ಬುಡ ಸಡ್ಲಾಯ್ತದೆ" ಎಂದರು. ಸೊಪ್ಪು ಬೇಡ, ಹಣ್ಣು ಬೇಡ. ಮೆಣಸು ಬೆಳ್ಳುಳ್ಳಿ ಹಾಕಿದ ಅನ್ನ. ಉಂಡಾದ ಮೇಲೆ ಸುಣ್ಣ ಮುಂದಾಗಿ ಹಚ್ಚಿದ ಎಲೆಅಡಿಕೆ, ಹಲ್ಲು ಗಟ್ಟಿಯಾಗಲಿ ಎಂದು. ಹಿತ್ತಲಲ್ಲಿ ಕಿತ್ತಳೆ ಗಿಡ ಬಗ್ಗಿ ನಿಂತಿದೆ, ಬಾಣಂತಿ ಮುಟ್ಟುವಂತಿಲ್ಲ, ಮಗುವಿಗೆ ಶೀತ. ಬಿ.ಎ. ಓದಿದ ನಾನೇನು ಮಾಡಿದೆ ಗೊತ್ತೇ? ಮೈಸೂರಿನಿಂದ ತಂದಿದ್ದ ಬ್ರಷ್ಷನ್ನು ನಾನಾಗಿಯೇ ಟ್ರಂಕಿನೊಳಗಿಟ್ಟೆ. ರಕ್ತ ಬರುವ ಕಡೆ ಕೆದಕಬಾರದೆಂದು ನನಗೂ ಅನ್ನಿಸಿತ್ತು.

ದೀಪಾವಳಿ ಕಳೆದ ಮೇಲೆ ಒತ್ತಿದರೆ ಕೀವು ಬರಲು ಶುರುವಾಯಿತು. ಕೆಳಗಿನ ಒಂದು ಹಲ್ಲು ನಾಲಿಗೆಗೇ ಅಲುಗುತ್ತಿತ್ತು. ಬಾಯಿ ನಾತ ನನಗೇ ಬಡಿಯುತ್ತಿತ್ತು. ಮಗನಿಗೆ ಅದೇ ಹೊತ್ತಿಗೆ ಭೇದಿ ಹತ್ತಿಕೊಂಡಿತು. ಅತ್ತೆ ನನ್ನ ಗದ್ದ ಎತ್ತಿ ಬಾಯೊಳಗೆ ನೋಡಿ, "ಕೀವು ಹಾಲ್ಗೆ ಇಳೀತಾ ಐತೆ" ಅಂದವರೇ ಮಗುವನ್ನು ಮಡಿಲಿನಿಂದ ಎತ್ತಿ ವಾರಗಿತ್ತಿ ಸಿದ್ದಕ್ಕನ ಕೈಗೆ ಕೊಟ್ಟುಬಿಟ್ಟರು. ಸಿದ್ದಕ್ಕ ನನಗಿಂತ ಒಂದು ತಿಂಗಳು ಮೊದಲು ಮೂರನೆಯದನ್ನು ಹೆತ್ತವಳು. ಭೇದಿ ನಿಂತಿತು. ನಿಂತದ್ದೇ ಅತ್ತೆಯ ಮಾತಿಗೆ ಸಾಕ್ಷಿಯಾಯಿತು.

ಮನೋರಮಾ, ಸಿದ್ದಕ್ಕ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಜಗಲಿಯಲ್ಲಿ ಕಾಲು ಚಾಚಿ, ತನ್ನ ಮಗಳು ಒಂದು ಕಡೆ, ನನ್ನ ಮಗ ಒಂದು ಕಡೆ, ರಾಣಿಯ ಹಾಗೆ ಕೂರುತ್ತಾಳೆ. ನಾನು ಸಂಕೋಚದಿಂದ ಏನಾದರೂ ಅಂದರೆ, "ಅಯ್ಯ, ದೇವ್ರು ಎಲ್ಡು ಯಾಕೆ ಕೊಟ್ಟವ್ನೆ ಮತ್ತೆ? ಸುಮ್ಕಿರವ್ವ!" ಎಂದು ನಗುತ್ತಾಳೆ. ಆ ನಗುವಿನಲ್ಲಿ ಹಲ್ಲು ತೊಳೆದಿಟ್ಟ ಅವರೆಕಾಳಿನ ಹಾಗೆ. ನನ್ನ ಮಗ ಅವಳ ಕರಿಮಣಿ ಹಿಡಿದೆಳೆಯುತ್ತ, ನಡುವೆ ಬಾಯಿ ಬಿಟ್ಟು ಅವಳ ಮುಖ ನೋಡಿ ನಗುತ್ತಾನೆ. ಅವಳು "ಕಳ್ ನನ್ಮಗ್ನೆ" ಎಂದು ಕೆನ್ನೆಗೆ ಲೊಚಲೊಚನೆ ಮುತ್ತಿಡುತ್ತಾಳೆ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಂಬದ ಹಿಂದೆ. ಅವನು ಅತ್ತರೆ ಸಿದ್ದಕ್ಕ ಏಳುವ ಮೊದಲೇ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಹಿಂಡಿ ತೆಗೆದು, ಯಾರೂ ತುಳಿಯದ ಕಡೆ ಎಂದು ಕಿತ್ತಳೆ ಗಿಡದ ಬುಡಕ್ಕೆ ಹಾಕುತ್ತಿದ್ದೆ. ಅವಳ ಎದೆ ಬತ್ತಲಿ ಎಂದು ಕೇಳಿಕೊಂಡದ್ದೂ ಉಂಟು. ಆಮೇಲೆ ಮಗನ ಹೊಟ್ಟೆ ನೆನೆದು, ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ನಿದ್ದೆಯಂತೂ ನನ್ನನ್ನು ಬಿಟ್ಟುಹೋಗಿ ಎಷ್ಟು ಕಾಲವಾಯಿತೋ. ಗೋಡೆಯಾಚೆ ಅವನು ಚೀಪುವ ಸದ್ದಿಗೇ ಕಿವಿ ಕೊಟ್ಟು ಬಿದ್ದಿರುತ್ತಿದ್ದೆ.

ಕಡೆಗೆ ಇವರು ನನ್ನನ್ನು ಮಡಿಕೇರಿಯ ಹಲ್ಲಿನ ಡಾಕ್ಟರ ಹತ್ತಿರ ಕರೆತಂದರು. ವಯಸ್ಸಾದವರು, ಮಾತು ಒರಟು. "ರಕ್ತ ಬಂತು ಅಂತ ಉಜ್ಜೋದು ಬಿಟ್ರಾ? ಉಜ್ಜದೆ ಇರೋದಕ್ಕೇ ರಕ್ತ ಬರ್ತಿರೋದು, ತಾಯಿ!" ಎಂದರು. ಬಸುರಿನಲ್ಲಿ ಒಸಡು ಬೇಗ ಊದುವುದುಂಟಂತೆ. ಆಗಲೇ ಬಾಯಿ ಶುಭ್ರವಾಗಿಟ್ಟುಕೊಂಡಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲವಂತೆ. ಕೊಕ್ಕೆಯಂಥ ಉಪಕರಣದಿಂದ ಹಲ್ಲಿನ ಬುಡ ಕೆರೆದರು. ನೀರೊಲೆಯ ಹಂಡೆಯೊಳಗೆ ಕಟ್ಟುತ್ತದಲ್ಲ, ಹಾಗೆ ಕಲ್ಲುಗಟ್ಟಿದ ಕೊಳೆ ಚೂರುಚೂರಾಗಿ ಉದುರಿತು. ಅದರ ಅಡಿಯಲ್ಲೇ ಕೀವಿನ ಮನೆ. ನೋವಿಲ್ಲದೆ ಬೆಳೆಯುವುದರಿಂದ ಜನ ಹಲ್ಲು ಅಲುಗಿದ ಮೇಲೆಯೇ ಬರುತ್ತಾರೆಂದರು. ಮೆತ್ತನೆ ಬ್ರಷ್ಷು, ಒಸಡಿನ ಅಂಚಿಗೆ ತಾಗುವಂತೆ, ಬೆಳಿಗ್ಗೆ ಮತ್ತು ಮಲಗುವ ಮುಂಚೆ. ಬಿಸಿ ಉಪ್ಪುನೀರು ಮುಕ್ಕಳಿಸುವುದು. ಎಲೆ ಸುಣ್ಣ ಬಂದ್. ಸೊಪ್ಪು, ಕಿತ್ತಳೆ ತಿನ್ನುವುದು. ಆ ಸಡಿಲ ಹಲ್ಲು ಉಳಿದರೂ ಮೊದಲಿನಂತೆ ಗಟ್ಟಿಯಾಗುತ್ತದೆಂದು ಹೇಳಲಾರೆ ಎಂದರು.

ನಾನು ಕೇಳಬೇಕಾದ್ದನ್ನು ಇವರೇ ಕೇಳಿದರು. ಡಾಕ್ಟರು, "ಒಸಡಿನ ಕೀವು ಎದೆಹಾಲಿಗೆ ಇಳಿಯೋದಾ? ಯಾರು ಹೇಳಿದ್ದು ಮಾರಾಯ್ರೇ? ಕುಡಿಸಿ, ಇವತ್ತೇ ಕುಡಿಸಿ" ಎಂದರು. ಬಸ್ಸಿನುದ್ದಕ್ಕೂ ಅಳುತ್ತಲೇ ಬಂದೆ. ಸುಖಕ್ಕೂ ಸಿಟ್ಟಿಗೂ.

ಮನೆಯಲ್ಲಿ ಅತ್ತೆ ಒಪ್ಪಬೇಕಲ್ಲ. "ಆವಯ್ಯ ಎಷ್ಟ್ ಹೆತ್ತವ್ನಂತೆ?" ಎಂದು ಕೇಳಿದರು. ಕಡೆಗೆ ಒಂದು ಒಪ್ಪಂದವಾಯಿತು: ನಾನು ಉಗುಳಿದ ನೀರಿನಲ್ಲಿ ಕೆಂಪು ಕಾಣದ ದಿನ ಮಗು ನನ್ನದು. ದಿನಾ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉಗುಳುವುದು, ಅತ್ತೆ ಬಗ್ಗಿ ನೋಡುವುದು. ಮೊದಮೊದಲು ಬ್ರಷ್ಷು ಇನ್ನಷ್ಟು ಕೆಂಪು ಮಾಡಿತು. ಬಿಡಲಿಲ್ಲ. ಅತ್ತೆಯೆದುರೇ ಗಿಡದ ಕಿತ್ತಳೆ ಕಿತ್ತು ತಿಂದೆ. ಸಂಕ್ರಾಂತಿಗೆ ಮೂರು ದಿನ ಮುಂಚೆ ಕಲ್ಲಿನ ಮೇಲೆ ಬರೀ ನೀರು. ಅತ್ತೆ ತುಂಬ ಹೊತ್ತು ನೋಡಿ, "ಊಂ, ತಗೊ" ಎಂದರು.

ಕಂದ ಒಲ್ಲೆನೆಂದ. ನನ್ನ ಎದೆಗೆ ಮುಖ ತಾಕಿದರೆ ಬೆನ್ನು ಬಿಲ್ಲು ಮಾಡಿ, ಸಿದ್ದಕ್ಕನ ದನಿ ಬಂದ ಕಡೆ ಕತ್ತು ತಿರುಗಿಸಿ ಚೀರುತ್ತಿದ್ದ. ಒಂಬತ್ತು ಹತ್ತು ದಿನ ಹೀಗೇ. ಮೊನ್ನೆ ಶುಕ್ರವಾರ ಕುಡಿದ, ಮನೋರಮಾ! ಹೊಟ್ಟೆ ತುಂಬ ಕುಡಿದು, ನನ್ನ ತೊಡೆಯ ಮೇಲೇ ನಿದ್ದೆ ಹೋದ. ಇದನ್ನು ತಿಳಿಸಲೆಂದೇ ಇವತ್ತು ಪೆನ್ನು ಹಿಡಿದದ್ದು.

ನಿನಗೆ ನೂರು ಕಾಲ ಒಳ್ಳೆಯದಾಗಲಿ. ಮದುವೆಯಾಗಿ ಬಸುರಿಯಾದರೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗು, ನಗಬೇಡ. ನಿನ್ನ ತಾಯಿಗೆ ನನ್ನ ನಮಸ್ಕಾರ.

ನಿನ್ನ,
ಲಿಂಗಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಶುಕ್ರವಾರ ಅವನು ಕುಡಿದದ್ದು ನಾನು ಸಿದ್ದಕ್ಕನ ಸೀರೆ ಉಟ್ಟಿದ್ದಾಗ. ಅವಳೇ ಉಟ್ಟು ಬಿಚ್ಚಿದ್ದು, ಅವಳ ಬೆವರು, ಅವಳ ಹಾಲಿನ ವಾಸನೆಯದು. ಅವಳೇ ಹೇಳಿಕೊಟ್ಟ ಉಪಾಯ. ಅವನು ಕಣ್ಣು ಮುಚ್ಚಿಕೊಂಡು ಕುಡಿದ, ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ನಿನ್ನೆಯೂ ಅದನ್ನೇ ಉಟ್ಟೆ. ಇವತ್ತೂ ಉಟ್ಟಿದ್ದೇನೆ. "ಮಾಸಿದ್ರೆ ಹೇಳವ್ವ, ಇನ್ನೊಂದು ಬಿಚ್ಕೊಡ್ತೀನಿ" ಎಂದು ಸಿದ್ದಕ್ಕ ಎಲ್ಲ ಹಲ್ಲೂ ಕಾಣುವಂತೆ ನಕ್ಕಳು. ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅಷ್ಟರಲ್ಲಿ ಮಗ ಎದ್ದ. ನಾನು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ.