ಕಾಯದ ಹತ್ತು ನಿಮಿಷ

ಮಾರ್ಚ್ 3, ಬೆಳಿಗ್ಗೆ 9.20

ಪಾಚಿ ತೊಟ್ಟಿಯ ನೀರು ಬದಲಿಸಿದೆ. ಲ್ಯಾಬಿಗೆ ಸೇರಿದ ಹೊಸ ಹುಡುಗಿ — ಗುಬ್ಬಿ ಅಂತ ನಾನೇ ಇಟ್ಟ ಹೆಸರು — ಆಗಲೇ ಮೈಕ್ರೋಸ್ಕೋಪಿಗೆ ಅಂಟಿಕೊಂಡಿದ್ದಾಳೆ. ಪಾಚಿಯದು ದಾರದಂಥ ಉದ್ದನೆಯ ಒಂದೇ ಕೋಶ, ಒಳಗೆ ಸಾಲುಗಟ್ಟಿ ಹರಿಯುವ ಕಣಗಳು. ಕಣಗಳನ್ನು ಎಳೆಯುವ ಪ್ರೋಟೀನಿಗೆ ಫಾಸ್ಫೇಟ್ ಅಂಟಿದರೆ ಹರಿವು ನಿಲ್ಲುತ್ತದೆ ಎಂಬುದು ಅವಳ ವಾದ. ಫಾಸ್ಫೇಟ್ ಕಳಚದಂತೆ ತಡೆಯುವ ಔಷಧ ಹಾಕುತ್ತಾಳೆ. ನಿಲ್ಲುತ್ತದೆ. ಬೀಗುತ್ತಾಳೆ.

ನಮ್ಮ ಪಿಎಚ್‌ಡಿ ಗೈಡ್ ಬಂದರು. ನೋಡಿದರು. ನನ್ನ ಕಡೆ ತಿರುಗಿ, "ಆರು ವರ್ಷದಿಂದ ಇದ್ದೀಯಲ್ಲಮ್ಮ, ಇವಳನ್ನ ನೋಡಿ ಸ್ವಲ್ಪ ಕಲಿ" ಅಂದರು. ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 5

ಅವಳ ತಪ್ಪು ಸಿಕ್ಕಿತು. ಔಷಧ ಹಾಕದ ಕೋಶಗಳನ್ನು ಬೆಳಿಗ್ಗೆಯೇ ತಟ್ಟೆಯಲ್ಲಿ ಇಟ್ಟಿರುತ್ತಾಳೆ. ಔಷಧಕ್ಕೆ ಹಾಕುವವನ್ನು ಮಾತ್ರ ಚಿಮುಟದಿಂದ ಎತ್ತಿ ಹಾಕಿದ ಕೂಡಲೇ ಸ್ಟಾಪ್‌ವಾಚ್ ಒತ್ತುತ್ತಾಳೆ. ಔಷಧವಿಲ್ಲದಿದ್ದರೂ ಚಿಮುಟ ತಾಕಿದರೆ ಸಾಕು, ಆ ಕೋಶ ಬೆಚ್ಚಿ ಹರಿವು ನಿಲ್ಲಿಸಿಬಿಡುತ್ತದೆ. ಸುಧಾರಿಸಿಕೊಳ್ಳಲು ಹತ್ತು ನಿಮಿಷವಾದರೂ ಕಾಯಬೇಕು. ಕಲಿಸುವಾಗ ಇದನ್ನು ಹೇಳಿದ್ದೆನೋ ಇಲ್ಲವೋ, ನೆನಪಿಲ್ಲ.

ನೆನಪಿದೆ. ಹೇಳಿರಲಿಲ್ಲ.

"ಸರಿಯಾಗಿ ಮಾಡ್ತಿದ್ದೀನಾ ಅಕ್ಕ?"

"ಏನೂ ತೊಂದ್ರೆ ಇಲ್ಲ ಕಣೆ. ಹೀಗೇ ಮಾಡು."

ಮಾರ್ಚ್ 19

ನಾಳೆ ಅವಳ ರಿವ್ಯೂ. ದಾಟಿದರೆ ಇನ್ನೂ ಮೂರು ವರ್ಷ ಫೆಲೋಶಿಪ್. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಸ್ಲೈಡುಗಳನ್ನು ಕೂತು ತಿದ್ದಿಕೊಟ್ಟೆ. "ನೀವಿಲ್ದೇ ಇದ್ರೆ ನನ್ನ ಗತಿ ಏನಾಗ್ತಿತ್ತೋ" ಅಂದಳು. ಅಯ್ಯೋ ಪಾಪ.

ಮಾರ್ಚ್ 20, ಮಧ್ಯಾಹ್ನ

ಹಿಂದಿನ ಸಾಲಿನಿಂದ ನಾನೇ ಕೇಳಿದೆ. ಮೆತ್ತಗೆ. "ಕೋಶ ಎತ್ತಿ ಹಾಕಿದ ಮೇಲೆ ಎಷ್ಟು ಹೊತ್ತು ಕಾದೆ?"

"ಕಾಯ್ಬೇಕಿತ್ತಾ ಅಕ್ಕ?"

ರಿವ್ಯೂ ಕಮಿಟಿಯವರು ನಕ್ಕರು. ಗೈಡ್ ನಗಲಿಲ್ಲ. "ಯಾರು ನಿನಗೆ ಹೇಳ್ಕೊಟ್ಟಿದ್ದು?" ಅಂದರು. ನನ್ನನ್ನೇ ನೋಡಿದಳು. ಬಾಯಿ ಬಿಡಲಿಲ್ಲ ಅವಳು. ಪೆದ್ದು.

ಏಪ್ರಿಲ್ 2

ಅವಳ ಮೇಜು ನನಗೆ ಸಿಕ್ಕಿತು. ಕುರ್ಚಿ ಕುಳ್ಳಗಿತ್ತು, ಎತ್ತರಿಸಿಕೊಂಡೆ. ಖುಷಿಯಾಗಿದೆ, ಸುಳ್ಳೇಕೆ ಹೇಳಲಿ.

ಏಪ್ರಿಲ್ 28

ಅವಳ ಪ್ರಯೋಗವನ್ನೇ ಮಾಡಿದೆ. ಅರ್ಧ ಗಂಟೆ ಕಾದು, ಹರಿವು ಮರಳಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಔಷಧ. ನಿಂತಿತು. ಇಪ್ಪತ್ತು ಕೋಶ, ಇಪ್ಪತ್ತೂ ನಿಂತವು. ಔಷಧವಿಲ್ಲದವು ಆರಾಮವಾಗಿ ಹರಿಯುತ್ತಿವೆ. ಅವಳು ಹೇಳಿದ್ದೇ ಸರಿ...

ಗೈಡ್ ಎರಡು ಸಲ ನೋಡಿದರು. "ಆ ಹುಡುಗಿಗೆ ಫೋನ್ ಮಾಡಮ್ಮ. ಕಮಿಟಿ ಹತ್ರ ನಾನು ಮಾತಾಡ್ತೀನಿ, ವಾಪಸ್ ಬರ್ಲಿ."

"ಆಗ್ಲಿ ಸರ್" ಅಂದೆ.

ಮೇ 6, ಸಂಜೆ

ನಾನು ಫೋನ್ ಮಾಡಲಿಲ್ಲ. ಅವಳೇ ಮಾಡಿದಳು. ಯಾವುದೋ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸವಂತೆ.

"ಒಂದೇ ಮಾತು ಅಕ್ಕ. ಕಾದು ಅಳೆದಿದ್ರೂ ನಿಲ್ತಿತ್ತಾ?"

"ಇಲ್ಲ ಕಣೆ. ನಾನೇ ಮಾಡಿ ನೋಡ್ದೆ. ಹರೀತಾನೇ ಇತ್ತು."

"ಸದ್ಯ. ಗೊತ್ತಾಯ್ತಲ್ಲ. ಇನ್ನು ಅದ್ರ ಯೋಚ್ನೆ ಬಿಡ್ತೀನಿ" ಅಂದಳು. ಥ್ಯಾಂಕ್ಸ್ ಬೇರೆ ಹೇಳಿದಳು. ನನಗೆ.

ವಾಪಸ್ ಬರಲು ಅವಳಿಗೆ ಮನಸ್ಸಿಲ್ಲವಂತೆ ಎಂದು ಗೈಡಿಗೆ ತಿಳಿಸಿದೆ. ಪೇಪರ್ ಬರೆಯಲು ಕೂತಿದ್ದೇನೆ. ಲೇಖಕರು: ಮೊದಲು ನಾನು, ಆಮೇಲೆ ಗೈಡ್. ಕೊನೆಗೆ ಕೃತಜ್ಞತೆ ಅಂತ ಒಂದು ಸಾಲು ಇರುತ್ತದಲ್ಲ, ಅಲ್ಲಿ ಅವಳ ಹೆಸರು ಹಾಕಿದರೆ, ಅವಳು ಎಲ್ಲಾದರೂ ಓದಿ, ಹರಿವು ನಿಂತಿತ್ತು ಅಂತ ಗೊತ್ತಾಗಿ—