ಟಪಾಲು ಮುದ್ರೆಯ ತಾರೀಖು

ಮೈಸೂರು
ಭಾನುವಾರ, ೨೯ ಆಗಸ್ಟ್ ೧೯೪೩

ನನಗೆ ಅಕ್ಕನೂ ಅವ್ವನೂ ಆದ ಸಿದ್ದಗಂಗಮ್ಮನಿಗೆ ನಿನ್ನ ತಂಗಿ ಸರ್ವಮಂಗಳಾ ಮಾಡುವ ಶರಣು ಶರಣಾರ್ಥಿ.

ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಹಾಸ್ಟೆಲ್ಲಿನಲ್ಲಿ ಅಕ್ಕಿ ಸಾಲದೆ ವಾರಕ್ಕೆ ಮೂರು ದಿನ ರಾಗಿ ಮುದ್ದೆ ಮಾಡುತ್ತಾರೆ. ಬೆಂಗಳೂರಿನ ಹುಡುಗಿಯರು ಮೂಗು ಮುರಿಯುತ್ತಾರೆ, ನನಗೆ ಆ ಮೂರು ದಿನವೇ ಹಬ್ಬ. ಭಾವನವರ ಮೊಣಕಾಲು ನೋವು ಹೇಗಿದೆ? ಪುಟ್ಟಿ ಹೊಸ್ತಿಲು ದಾಟಿದಳೇ? ನಿನ್ನ ಕಾಗದ ಕೈಸೇರಿ ಹದಿನೇಳು ದಿನವಾಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಪರೀಕ್ಷೆ, ಯುದ್ಧ, ಕಾಗದದ ಅಭಾವ ಎಂದು ನೆಪ ಹೇಳಬಹುದು. ಕಾಗದ ಸಿಗದಿರುವುದು ನಿಜವೇ, ಇದನ್ನೂ ಹಳೆಯ ನೋಟ್ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಆದರೆ ತಡವಾದದ್ದು ಅದಕ್ಕಲ್ಲ. ನನಗೆ ಧೈರ್ಯ ಸಾಲಲಿಲ್ಲ.

ನೀನು ಕಳಿಸಿದ ತೆಳು ಕಾಗದ ನನ್ನ ಎದುರಿಗೇ ಇದೆ. ನಾನು ಊರಿಗೆ ಕಳಿಸಿದ್ದ ಅರ್ಜಿಯ ಲಕೋಟೆಯ ಮೇಲಿದ್ದ ಎರಡು ಟಪಾಲು ಮುದ್ರೆಗಳನ್ನು ಒಂದು ಗೆರೆಯೂ ತಪ್ಪದ ಹಾಗೆ ಅದರ ಮೇಲೆ ಪೆನ್ಸಿಲ್ಲಿನಲ್ಲಿ ನಕಲು ತಿದ್ದಿ ಕಳಿಸಿದ್ದೀಯ. ಇಂಗ್ಲಿಷಿನ ಒಂದು ಅಕ್ಷರವೂ ಬಾರದ ನೀನು ಇದಕ್ಕೆ ಎಷ್ಟು ಹೊತ್ತು ಕೂತಿದ್ದೆಯೋ. ಇದರಲ್ಲಿ ಯಾವ ತಾರೀಖು ಇದೆ, ಓದಿ ತಿಳಿಸು ಎಂದು ಕೇಳಿದ್ದೀಯ. ಶಾನುಭೋಗರನ್ನು ಕೇಳೋಣವೆಂದರೆ ಅವರು ಗೋಮಾಳ ತನಗೆ ಬೇಕೆಂದು ದರಖಾಸ್ತು ಹಾಕಿದವನ ನೆಂಟರು, ಮಾತು ತಿರುಗಿಸಿಯಾರು. ಅದಕ್ಕೇ ಹಟ್ಟಿಯ ಕ್ಯಾತಣ್ಣನೂ ಟಪಾಲು ಹಂಚುವ ಓಬಳಯ್ಯನೂ ನಿನ್ನ ಜಗಲಿಯ ಮೇಲೆ ಕೂತು, ಸರ್ವಮಂಗಳಾ ಓದಿ ಹೇಳಿದ್ದೇ ಸತ್ಯ ಎಂದು ಒಪ್ಪಿಕೊಂಡು ಎದ್ದರಂತೆ. ತಪ್ಪು ಓಬಳಯ್ಯನದು ಎಂದಾದರೆ ಹಟ್ಟಿಯ ಹನ್ನೆರಡು ಮನೆಯವರೂ ದೂರು ಕೊಟ್ಟು ಅವನನ್ನು ಕೆಲಸದಿಂದ ತೆಗೆಸುತ್ತಾರೆ. ಈಗಾಗಲೇ ಅಲ್ಲಿ ಅವನನ್ನು ಯಾರೂ ಮಾತನಾಡಿಸುತ್ತಿಲ್ಲ ಎಂದು ಬರೆದಿದ್ದೀಯ. ಎರಡು ಮುದ್ರೆಗಳನ್ನೂ ಓದಿ ಹೇಳುತ್ತೇನೆ ಅಕ್ಕ. ಅದಕ್ಕೆ ಮೊದಲು ನನ್ನ ಓದಿನ ಕಥೆ ಒಂದಿಷ್ಟು ಕೇಳು, ಇಲ್ಲದಿದ್ದರೆ ಮಿಕ್ಕದ್ದು ಅರ್ಥವಾಗುವುದಿಲ್ಲ.

ಇಲ್ಲಿ ನಾವು ಓದುವ ಇಂಗ್ಲಿಷ್ ವ್ಯಾಕರಣ ಮಿಡ್ಲ್ ಸ್ಕೂಲಿನದರಂತಲ್ಲ. ಒಂದು ಪದ ಸಿಕ್ಕಿದರೆ ಅವರೆಕಾಳು ಹಿದುಕಿದ ಹಾಗೆ ಹಿದುಕುವುದು. ಧಾತು ಯಾವುದು, ತಲೆಗೆ ಅಂಟಿಸಿದ್ದು ಏನು, ಬಾಲಕ್ಕೆ ಸೇರಿಸಿದ್ದು ಏನು, ಯಾವ ತುಂಡು ಲ್ಯಾಟಿನ್ನಿನಿಂದ ಬಂತು, ಯಾವುದು ಅವರ ಹಳ್ಳಿಗಾಡಿನವರ ಹಳೆಯ ಮಾತು, ಎಲ್ಲ ಹೇಳಬೇಕು. ಮೊದಲ ವರ್ಷ ತಲೆ ಕೆಟ್ಟು ಕೆರ ಹಿಡಿದಿತ್ತು. ಈಗ ಅದರ ರುಚಿ ಹತ್ತಿದೆ, ಊಟಕ್ಕೆ ಕೂತಾಗಲೂ ನಮ್ಮ ಕನ್ನಡದ ಮಾತುಗಳನ್ನೇ ಬಿಡಿಸುತ್ತಿರುತ್ತೇನೆ. ಪಕ್ಕದವಳು ಪಲ್ಯ ಕೇಳಿದರೆ ಆ ಮಾತಿನ ಬಾಲ ನೋಡುತ್ತ ಪಲ್ಯ ಕೊಡುವುದನ್ನೇ ಮರೆಯುತ್ತೇನೆ.

ನಮ್ಮ ತರಗತಿಯಲ್ಲಿ ಕಾನ್ವೆಂಟಿನಿಂದ ಬಂದವರು ಆರು ಜನ ಇದ್ದಾರೆ. ಅವರಿಗೆ ನಿಯಮ ಗೊತ್ತಿಲ್ಲ, ಆದರೂ ತಪ್ಪು ಬರುವುದಿಲ್ಲ. ನನಗೆ ನಿಯಮವೆಲ್ಲ ಬಾಯಿಪಾಠ, ಬಾಯಿ ಬಿಟ್ಟರೆ ತಪ್ಪು. ಹೋದ ವರ್ಷ ನಾನು ನನ್ನ ಪ್ರಬಂಧ ಓದುವಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಅವರನ್ನು ಗದರಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ, ಇದನ್ನು ಇನ್ನೊಂದು ಸಲ ಬರೆದು ತಾ ಎಂದರು. ಆ ನಗುವಿಗಿಂತ ಈ ಮೆಲುದನಿಯೇ ನನ್ನನ್ನು ಹೆಚ್ಚು ಸುಟ್ಟಿತು. ಅಂದಿನಿಂದ ಏನು ಬರೆದರೂ ಏಳು ಸಲ ನೋಡುತ್ತೇನೆ, ಎಂಟನೆಯ ಸಲವೂ ಅನುಮಾನ ಹೋಗುವುದಿಲ್ಲ.

ಜೂನ್ ಕೊನೆಗೆ ನಾನು ಊರಿನಿಂದ ಹೊರಡುವ ಹಿಂದಿನ ದಿನ ಕ್ಯಾತಣ್ಣನ ಹೆಂಡತಿ ಹೊನ್ನಕ್ಕ ಬಂದು ನನ್ನನ್ನು ಹಟ್ಟಿಗೆ ಕರೆದುಕೊಂಡು ಹೋದಳಲ್ಲ. ಅವ್ವ ತೀರಿಕೊಂಡ ಮೇಲೆ ನೀನು ಹೊಲಕ್ಕೆ ಹೋದಾಗಲೆಲ್ಲ ನನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಅವಳು. ಅವರ ಕುರಿ ಮೇಯುವ ಗೋಮಾಳವನ್ನು, ಯುದ್ಧಕಾಲದಲ್ಲಿ ದವಸ ಬೆಳೆಯುತ್ತೇನೆಂದು ಹೊರಗಿನ ಕಂಟ್ರಾಕ್ಟರನೊಬ್ಬ ದರಖಾಸ್ತಿನಲ್ಲಿ ಕೇಳಿದ್ದ. ತಕರಾರು ಇದ್ದವರು ಜುಲೈ ಇಪ್ಪತ್ತರೊಳಗೆ ಕೊರಟಗೆರೆ ಕಚೇರಿಗೆ ಅರ್ಜಿ ಕೊಡಬೇಕೆಂದು ನೋಟೀಸು ಅಂಟಿಸಿದ್ದರು. ಕ್ಯಾತಣ್ಣ ಹೇಳುತ್ತ ಹೋದ, ನಾನು ಕನ್ನಡದಲ್ಲಿ ಬರೆದುಕೊಂಡೆ. ಹೇಳಿದ್ದನ್ನೇ ಬರೆದಿದ್ದೇನೆ ಎಂಬುದಕ್ಕೆ ಓದಿ ಹೇಳಿ, ಕೆಳಗೆ ಹನ್ನೆರಡು ಮನೆಯವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆಮೇಲೆ ನಾನೇ, ಇದನ್ನು ಇಂಗ್ಲಿಷಿನಲ್ಲಿ ಬರೆದು ಮೈಸೂರಿನಿಂದ ಕಳಿಸುತ್ತೇನೆ, ಅದಕ್ಕೆ ಹೆಬ್ಬೆಟ್ಟು ಹಾಕಿ ಕಚೇರಿಗೆ ಮುಟ್ಟಿಸಿ, ಇಂಗ್ಲಿಷ್ ಎಂದರೆ ಅಮಲ್ದಾರರು ನೆಟ್ಟಗೆ ಕೂತು ಓದುತ್ತಾರೆ ಎಂದೆ. ಕ್ಯಾತಣ್ಣನಿಗೆ ಹೆಮ್ಮೆಯೋ ಹೆಮ್ಮೆ. "ನಮ್ ಸೊಂಟದ್ ಮ್ಯಾಲೆ ಬೆಳ್ದ ಮಗು ಕಣ್ರಲಾ, ದೊರೆಗಳ ಬಾಸೆನಾಗೆ ಬರೀತೈತೆ" ಎಂದು ಹಟ್ಟಿಗೆಲ್ಲ ಹೇಳಿಕೊಂಡು ಬಂದ.

ಮೈಸೂರಿಗೆ ಬಂದು ಬರೆಯಲು ಕೂತೆ. ಕ್ಯಾತಣ್ಣ ಹೇಳಿದ್ದು ಒಂದೇ ಮಾತು: "ನಮ್ಮಪ್ಪನ ಕಾಲ್ದಿಂದ್ಲೂ ಇಲ್ಲೇ ಮೇಯಿಸ್ಕೊಂಡು ಬಂದೀವಿ, ಇನ್ನೆಲ್ಲಿಗೋಗಾನ ಸಾಮಿ?" ಆ 'ಮೇಯಿಸ್ಕೊಂಡು ಬಂದೀವಿ' ಎಂಬುದರಲ್ಲಿ ಅವನ ಅಪ್ಪ, ಅಜ್ಜ, ಅವರ ಕುರಿ, ಇವತ್ತಿನ ಬೆಳಗು ಎಲ್ಲವೂ ಇವೆ. ಅದನ್ನು ಇಂಗ್ಲಿಷಿಗೆ ತರಲು ನಾಲ್ಕು ಹಾಳೆ ಕೆಡಿಸಿದೆ. ಒಂದರಲ್ಲಿ ಅಜ್ಜ ಬಂದರೆ ಇವತ್ತಿನ ಕುರಿ ಬಿಟ್ಟುಹೋಗುತ್ತಿತ್ತು, ಇನ್ನೊಂದರಲ್ಲಿ ಕುರಿ ಬಂದರೆ ಅಜ್ಜ ಸಿಗುತ್ತಿರಲಿಲ್ಲ. ನಿಜ ಹೇಳುತ್ತೇನೆ ಅಕ್ಕ, ಆ ನಾಲ್ಕು ದಿನ ನಾನು ಬಹಳ ಸಂತೋಷವಾಗಿದ್ದೆ. ಎರಡು ವರ್ಷ ಕಲಿತದ್ದು ನಮ್ಮೂರಿನವರಿಗೆ ಉಪಯೋಗಕ್ಕೆ ಬಂತು ಎನ್ನಿಸಿತ್ತು.

ಜುಲೈ ಒಂಬತ್ತಕ್ಕೆ ಮೇಡಂಗೆ ತೋರಿಸಿದೆ. ಅವರು ಎರಡು ಕಡೆ ತಿದ್ದಿ, ಚೆನ್ನಾಗಿದೆ, ಇಂದೇ ಕಳಿಸಿಬಿಡು ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ನನಗೆ ಮಾತ್ರ, ಅವರ ಕಣ್ಣಿಗೆ ಬಿದ್ದದ್ದು ಎರಡಾದರೆ ಬೀಳದ್ದು ಇನ್ನೆಷ್ಟೋ ಎನ್ನಿಸಿತು. ಕಚೇರಿಯಲ್ಲಿ ಯಾರಾದರೂ ಇಂಗ್ಲಿಷ್ ಬಲ್ಲವರು ಓದಿ, ಹೆಣ್ಣುಮಗಳನ್ನು ಕಾಲೇಜಿಗೆ ಕಳಿಸಿದ್ದಕ್ಕೆ ಇದೇನಾ ಫಲ ಎಂದು ನಕ್ಕಾರು ಎಂಬ ಭಯ. ಮತ್ತೆ ಬರೆದೆ, ಹರಿದೆ, ಮತ್ತೆ ಬರೆದೆ. ಇಪ್ಪತ್ತರ ಗಡುವು ನನಗೆ ಮರೆತಿರಲಿಲ್ಲ. ಎರಡು ದಿನ ಸಾಕು ತಲುಪಲು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತ, ಇನ್ನು ಎರಡು ದಿನವೂ ಉಳಿಯದ ತನಕ ತಿದ್ದುತ್ತಲೇ ಇದ್ದೆ. ಓದಿ ಓದಿ ಮರುಳಾಗುವುದು ಎಂದರೆ ಇದೇ ಇರಬೇಕು.

ಆಮೇಲೆ ನಡೆದದ್ದು ನಿನಗೇ ಗೊತ್ತು. ಅರ್ಜಿ ಬಂದಾಗ ಗಡುವು ಮುಗಿದಿತ್ತು, ಕಚೇರಿಯವರು ನಿಯಮದಂತೆ ಅದನ್ನು ವಾಪಸು ಕೊಟ್ಟರು, ಗೋಮಾಳ ಹೋಯಿತು. ಯಾಕೆ ಹೀಗಾಯಿತು ಎಂದು ನೀನು ಬರೆದು ಕೇಳಿದಾಗ, ನಾನು ಎಂಟನೇ ತಾರೀಖೇ ಹಾಕಿದ್ದೆ, ಟಪಾಲಿನವರ ಕೈಯಲ್ಲಿ ಎಲ್ಲೋ ಬಿದ್ದಿದ್ದಿರಬೇಕು ಎಂದು ಎರಡು ಸಾಲು ಗೀಚಿ ಕಳಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಟಪಾಲು ಎಂದರೆ ನನ್ನ ಮನಸ್ಸಿನಲ್ಲಿ ರೈಲು, ಚೀಲ, ಕಚೇರಿ, ಯಾರೂ ಅಲ್ಲದ ಯಾರೋ. ನಮ್ಮೂರಿನಲ್ಲಿ ಟಪಾಲು ಎಂದರೆ ಓಬಳಯ್ಯ ಎಂಬುದು ನನಗೆ ಹೊಳೆಯಲೇ ಇಲ್ಲ.

ಈಗ ಓದುತ್ತೇನೆ. ನೀನು ಮೇಲೆ ತಿದ್ದಿರುವ ಮುದ್ರೆ ಮೈಸೂರಿನದು, ತಾರೀಖು ಹತ್ತೊಂಬತ್ತು ಜುಲೈ. ನಾನು ಲಕೋಟೆಯನ್ನು ಟಪಾಲು ಪೆಟ್ಟಿಗೆಗೆ ಹಾಕಿದ್ದು ಅಂದೇ ಬೆಳಿಗ್ಗೆ. ಕೆಳಗಿನದು ಕೊರಟಗೆರೆಯದು, ಇಪ್ಪತ್ತೆರಡು ಜುಲೈ, ಗುರುವಾರ. ಓಬಳಯ್ಯ ಅದನ್ನು ಕ್ಯಾತಣ್ಣನ ಕೈಗೆ ಕೊಟ್ಟದ್ದೂ ಆ ಗುರುವಾರವೇ ಎಂದು ನೀನೇ ಬರೆದಿದ್ದೀಯ. ಬಂದ ದಿನವೇ ಎಂಟು ಮೈಲಿ ನಡೆದು ತಲುಪಿಸಿದ್ದಾನೆ. ಅವನು ಒಂದು ಹೊತ್ತೂ ತಡ ಮಾಡಿಲ್ಲ. ಎಂಟಕ್ಕೆ ಹಾಕಿದೆ ಎಂದು ನಾನು ಬರೆದದ್ದು ಸುಳ್ಳು.

ಹತ್ತೊಂಬತ್ತನ್ನು ಎಂಟು ಎಂದು ಓದಿ ಹೇಳಿದ್ದರೆ ನಮ್ಮೂರಿನಲ್ಲಿ ಕೇಳುವವರು ಯಾರೂ ಇರಲಿಲ್ಲ. ಹದಿನೇಳು ದಿನ ನಾನು ಯೋಚಿಸಿದ್ದು ಅದನ್ನೇ. ನಾಚಿಕೆಯಾಗುತ್ತದೆ, ಆದರೂ ನಿನಗೆ ಹೇಳದೆ ಯಾರಿಗೆ ಹೇಳಲಿ. ನೀನು ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ್ದು ಊರಿಗೆ ಇಂಥದನ್ನು ಓದಿ ಹೇಳಲಿ ಎಂದಲ್ಲ.

ಈ ಕಾಗದವನ್ನು ಹಟ್ಟಿಗೆ ತೆಗೆದುಕೊಂಡು ಹೋಗಿ, ಓಬಳಯ್ಯನನ್ನೂ ಕರೆಸಿ, ಎಲ್ಲರ ಎದುರಿಗೆ ಗಟ್ಟಿಯಾಗಿ ಓದು. ಒಂದು ಸಾಲನ್ನೂ ಬಿಡಬೇಡ, ನನ್ನನ್ನು ಕಾಪಾಡುವುದಕ್ಕೆ ಏನನ್ನೂ ಸೇರಿಸಬೇಡ. ಓಬಳಯ್ಯನ ಕಾಲಿಗೆ ದಸರಾ ರಜೆಯಲ್ಲಿ ನಾನೇ ಬಂದು ಬೀಳುತ್ತೇನೆ. ಇದರ ಜೊತೆ ಅಮಲ್ದಾರರ ಮೇಲಧಿಕಾರಿಯಾದ ಮಧುಗಿರಿಯ ಸಾಹೇಬರಿಗೆ ಒಂದು ಮೇಲ್ಮನವಿ ಇಟ್ಟಿದ್ದೇನೆ, ಅದಕ್ಕಿನ್ನೂ ಹನ್ನೆರಡು ದಿನ ಅವಕಾಶವಿದೆ. ಕನ್ನಡದಲ್ಲೇ ಇದೆ. ಬರೆಯಲು ಒಂದು ಗಂಟೆ ಹಿಡಿಯಿತು, ಎರಡನೆಯ ಸಲ ನೋಡಲಿಲ್ಲ. ನಮ್ಮ ಸೀಮೆಯ ಕಚೇರಿಗಳಲ್ಲಿ ಕನ್ನಡದ ಅರ್ಜಿಯನ್ನು ಯಾರೂ ಬೇಡವೆನ್ನುವುದಿಲ್ಲ, ಅದು ನನಗೆ ಮೊದಲೂ ಗೊತ್ತಿತ್ತು. ಹಟ್ಟಿಯವರ ಹೆಬ್ಬೆಟ್ಟು ಹಾಕಿಸಿಕೊಂಡು, ಭಾವನವರು ನೋವು ತಡೆದುಕೊಂಡಾದರೂ ತಾವೇ ಹೋಗಿ ಕೊಟ್ಟು ಬರಲಿ. ಫಲಿಸುತ್ತದೋ ಇಲ್ಲವೋ ಹೇಳಲಾರೆ.

ಭಾವನವರಿಗೆ ನನ್ನ ನಮಸ್ಕಾರ. ಪುಟ್ಟಿ ನೂರು ವರ್ಷ ಬಾಳಲಿ, ಓದಲಿ, ಅತಿಯಾಗಿ ತಿದ್ದುವ ಬುದ್ಧಿಯೊಂದು ಅವಳಿಗೆ ಬಾರದಿರಲಿ. ನಿನ್ನ ಆಶೀರ್ವಾದ ನನಗೆ ಇನ್ನೂ ಇದೆ ಎಂದು ನಂಬಿರುವ

ನಿನ್ನ ತಂಗಿ
ಸರ್ವಮಂಗಳಾ

ತಾ.ಕ. ಅಕ್ಕ, ಒಂದು ಮಾತು ಉಳಿದಿದೆ. ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ನಾನು ಹೊರಟ ದಿನ ಹೊನ್ನಕ್ಕ ನನ್ನ ಟ್ರಂಕು ಹೊತ್ತು ಕೊಳಾಲದ ತನಕ ಬಂದಳು. ಬಸ್ಸು ಹತ್ತಿಸುವಾಗ ಮೆಲ್ಲಗೆ, "ಯಾವ್ ಬಾಸೆ ಆದ್ರೇನವ್ವ, ಹೆಬ್ಬೆಟ್ಟು ಬಿದ್ದೈತಲ್ಲ. ಕೊರಟಗೆರೆನಾಗೆ ಬಸ್ಸು ನಿಲ್ತೈತೆ, ಕೊಟ್ಬುಟ್ಟು ಓಗವ್ವ" ಎಂದಳು. ನಾನು ಹೂಂ ಎಂದೆ. ಗೋಮಾಳ ಹೋದ ಮೇಲೂ ಅವಳು ಈ ಮಾತನ್ನು ಕ್ಯಾತಣ್ಣನಿಗಾಗಲಿ ನಿನಗಾಗಲಿ ಹೇಳಿದಂತಿಲ್ಲ, ನಿನ್ನ ಕಾಗದದಲ್ಲಿ ಅದರ ಸುಳಿವೇ ಇಲ್ಲ. ನನ್ನ ಮಾನ ಹೋದೀತೆಂದು ನುಂಗಿಕೊಂಡಿದ್ದಾಳೆ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುವ ಕಾಲವಲ್ಲವೇ, ಅಂದು ಇದ್ದಿಲು ತುಂಬಿಸಲು ಬಸ್ಸು ಕಚೇರಿಯ ಎದುರಿಗೇ ಅರ್ಧ ಗಂಟೆ ನಿಂತಿತ್ತು. ಅರ್ಜಿ ನನ್ನ ಕೈಚೀಲದಲ್ಲಿತ್ತು. ಕಚೇರಿಯ ಜಗಲಿಯ ಮೇಲೆ ನಮ್ಮಪ್ಪನನ್ನು ಬಲ್ಲ ಗುಮಾಸ್ತರು ನಿಂತಿದ್ದರು. ಕಂಡಾಗಲೆಲ್ಲ, ಏನಮ್ಮ, ಇಂಗ್ಲಿಷ್ ಎಲ್ಲಿಗೆ ಬಂತು ಎಂದು ಕೇಳುವವರು. ಅವರ ಕೈಗೆ ಹೆಬ್ಬೆಟ್ಟಿನ ಕನ್ನಡದ ಕಾಗದ ಕೊಡಲು ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿದ್ದವರೆಲ್ಲ ಇಳಿದು ನೀರು ಕುಡಿದು ಬಂದರು. ನಾನು ಇಳಿಯಲಿಲ್ಲ.