ಝೂರನ ಎಡಗಾಲು

ಸೆಪ್ಟೆಂಬರ್ 8, ಸೋಮವಾರ

ಇವತ್ತೂ ಆರು ಗಂಟೆ ತಲೆಯೊಳಗೆ. ರಬ್ಬರ್ ತಲೆ, ಮೂರು ಕೆಜಿ. ಕಣ್ಣಿರುವ ಕಡೆ ಬಲ್ಬು, ನೋಡುವುದು ಮೂಗಿನ ತೂತಿನಿಂದ. ಟೀ ಸ್ಟ್ರಾನಲ್ಲಿ, ಅದೂ ಆರಿದ ಮೇಲೆ. ಬಿನ್ನಿಪೇಟೆಯ ಈ ಹಳೇ ಗೋಡೌನಿನಲ್ಲಿ ಎಂಟು ತಿಂಗಳಿಂದ ಭೂಮಿ ನಾಶ ಮಾಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ.

‘ಆಕಾಶದ ದಂಡು’ ಸೀರಿಯಲ್ಲಿನ ಏಲಿಯನ್ ನಾಯಕ ಝೂರ ನಾನೇ. ದನಿ ಬೇರೆಯವರದು. ನನ್ನದು ಅಂತ ಇರುವುದು ಎಡಗಾಲಿನ ಕುಂಟು ಮಾತ್ರ. ನಾಟಕ ಕಂಪನಿಯಲ್ಲಿದ್ದಾಗ ಸ್ಟೇಜಿನ ಹಲಗೆ ಮುರಿದು ಬಿದ್ದು ಬಂದದ್ದು. ಮೊದಲ ದಿನವೇ ಡೈರೆಕ್ಟರ್ ಅನಿಕೇತ್ ನೋಡಿ, ‘ಸೂಪರ್ ಸಾರ್, ಇದನ್ನೇ ಇಟ್ಕೊಳ್ಳಿ’ ಎಂದ. ಇಟ್ಟುಕೊಳ್ಳದೆ ಎಲ್ಲಿ ಬಿಡಲಿ? ಈಗ ಆ ನಡಿಗೆಯೇ ಫೇಮಸ್.

ಮಂಡಿ ಆಪರೇಷನ್ನಿಗೆ ಡಾಕ್ಟರು 22ನೇ ತಾರೀಕು ಕೊಟ್ಟಿದ್ದಾರೆ. ರಜೆ ಕೇಳಿದೆ. ಅನಿಕೇತ್ ಪಕ್ಕಕ್ಕೆ ಬಂದು ಕೂತು ಕೈ ಹಿಡಿದುಕೊಂಡ.

‘ಸಾರ್, ಕಾಲು ಸರಿ ಹೋಗ್ಬಿಟ್ರೆ ಝೂರ ಎಲ್ಲಿ ಸಾರ್? ನೂರನೇ ಎಪಿಸೋಡ್ ತನಕ ತಳ್ಳಿ. ಅದ್ರಲ್ಲಿ ಝೂರ ತಲೆ ತೆಗೀತಾನೆ. ಒಳ್ಗಡೆ ಮನುಷ್ಯನ ಮುಖ. ಆ ಮುಖ ನಿಮ್ದೇ.’

ಐವತ್ನಾಲ್ಕು ವಯಸ್ಸು. ಮೂವತ್ತು ವರ್ಷ ಬಣ್ಣ ಹಚ್ಚಿದ್ದೇನೆ. ಟೀವಿಯಲ್ಲಿ ಈ ಕರಿಬಸಪ್ಪನ ಮುಖ ಒಂದು ಸೆಕೆಂಡೂ ಬಂದಿಲ್ಲ. ಆಯ್ತು ಎಂದೆ.

ಸೆಪ್ಟೆಂಬರ್ 9

ಗಂಗಾಗೆ ಹೇಳಿದೆ. ಸೌಟು ಕುಕ್ಕಿದಳು. ‘ಮುಖ ಮುಖ ಅಂತ ಕಾಲು ಕಳ್ಕೊಳ್ತೀರಾ? ಮೂಳೆ ಸವೀತಾ ಇದೆ ಅಂತ ಡಾಕ್ಟ್ರು ಹೇಳಿದ್ದು ನಿಮ್ಗೋ ನಂಗೋ?’

ಅರ್ಧ ಗಂಟೆಯಲ್ಲಿ ಅವಳೇ ತಂಗಿಗೆ ಫೋನು ಮಾಡಿ, ‘ನೂರನೇ ಎಪಿಸೋಡ್ ಮಿಸ್ ಮಾಡ್ಬೇಡ ಕಣೇ, ನಿಮ್ ಭಾವ ಬರ್ತಾರೆ’ ಎನ್ನುತ್ತಿದ್ದಳು.

ಸೆಪ್ಟೆಂಬರ್ 19

ಮೆಟ್ರೋದಲ್ಲಿ ನಿಂತು ಬರುತ್ತಿದ್ದೆ. ಅತ್ತಿಗುಪ್ಪೆಯಲ್ಲಿ ಹತ್ತಿದ ಹುಡುಗಿಯೊಬ್ಬಳು ಸೀಟು ಹಿಡಿದು ಮೊಬೈಲಿನಲ್ಲಿ ಗೇಮ್ ಶುರು ಮಾಡಿದಳು. ಬಗ್ಗಿ ನೋಡಿದರೆ — ಝೂರ! ನನ್ನದೇ ಕುಂಟು, ತದ್ರೂಪ. ಚಾನೆಲ್ಲಿನವರು ಗೇಮನ್ನೂ ಬಿಟ್ಟಿದ್ದಾರೆ, ನನಗೆ ಯಾರೂ ಹೇಳಿಲ್ಲ.

ನಾನು ನೋಡುವುದನ್ನು ಕಂಡು ಅವಳೇ ವಿವರಿಸಿದಳು. ‘ತಲೆಗೆ ಹೊಡೆದ್ರೆ ಸಾಯಲ್ಲ ಅಂಕಲ್. ಎಡಗಡೆ ಮಂಡಿಗೆ ಹೊಡೀಬೇಕು. ಅದೇ ಇದ್ರ ವೀಕ್ ಪಾಯಿಂಟ್.’

‘ಹೌದಮ್ಮ,’ ಎಂದೆ.

ಆಮೇಲೆ ನನ್ನ ಕಾಲು ನೋಡಿದಳು. ‘ಅಯ್ಯೋ, ನೋವಾ? ಕೂತ್ಕೊಳ್ಳಿ’ ಅಂತ ಎದ್ದು ಸೀಟು ಬಿಟ್ಟಳು. ಒಳ್ಳೆಯ ಹುಡುಗಿ. ಕೆಂಗೇರಿವರೆಗೂ ನನ್ನೆದುರು ನಿಂತುಕೊಂಡೇ ನನ್ನ ಮಂಡಿಗೆ ಗುಂಡು ಹೊಡೆದಳು.

ಅಕ್ಟೋಬರ್ 1, ಆಯುಧಪೂಜೆ

ಸೆಟ್ಟಿನಲ್ಲಿ ಪೂಜೆ. ಕ್ಯಾಮೆರಾ, ಲೈಟು, ಜನರೇಟರ್, ಕೊನೆಗೆ ಝೂರನ ತಲೆ, ಎಲ್ಲ ಸಾಲಾಗಿ. ಲೈಟ್‌ಮ್ಯಾನ್ ಮುನಿರಾಮಯ್ಯ ಎಲ್ಲಕ್ಕೂ ಕುಂಕುಮ ಇಟ್ಟ. ತಲೆಗೆ ಮಾತ್ರ ನಾನೇ ವಿಭೂತಿ ಹಚ್ಚಿದೆ. ಬೆಳಿಗ್ಗೆ ನಾನು ಹಚ್ಚಿಕೊಂಡಿದ್ದಂತೆಯೇ ಮೂರು ಬೆರಳು, ಮೂರು ಗೆರೆ. ಚೆಂಡುಹೂವಿನ ಹಾರ. ಭೂಮಿ ನುಂಗಲು ಬಂದವನು ನಮ್ಮ ಮಠದ ಭಕ್ತನ ಹಾಗೆ ಕಂಡ.

ಆಮೇಲೆ ಗ್ರೂಪ್ ಫೋಟೋ. ನಡುವೆ ಹೀರೋಯಿನ್ ಮಡಿಲಲ್ಲಿ ಝೂರನ ತಲೆ. ಫೋಟೋ ತೆಗೆದದ್ದು ನಾನು.

ಅಕ್ಟೋಬರ್ 27

ಮೀಸೆ ಬೋಳಿಸಿದೆ. ಝೂರನ ಮುಖಕ್ಕೆ ಮೀಸೆ ಇರಬಾರದಂತೆ, ಅನಿಕೇತ್ ಮೆಸೇಜು. ಮದುವೆಗೆ ಮುಂಚಿನಿಂದ ಇದ್ದ ಮೀಸೆ. ಗಂಗಾ ಬಾಗಿಲು ತೆರೆದು, ‘ಯಾರ್ ಬೇಕಾಗಿತ್ತು?’ ಎಂದಳು. ಬಹಳ ದಿನದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ತಲೆಗೂದಲಿಗೆ ಅವಳೇ ಡೈ ಹಚ್ಚಿದಳು.

ಮಂಡಿ ಊದಿದೆ. ಮಾಗಡಿ ರೋಡ್ ಸ್ಟೇಷನ್ನಿನ ಮೆಟ್ಟಿಲು ಇಳಿಯಲು ಹತ್ತು ನಿಮಿಷ. ಇನ್ನು ಸ್ವಲ್ಪ ದಿನ ತಾನೇ…

ನವೆಂಬರ್ 4, ಮಂಗಳವಾರ

ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಾಲ್‌ಶೀಟ್ ಓದಿ ಗೊತ್ತಾಯಿತು. ‘ಝೂರ, ಮನುಷ್ಯ ರೂಪ — ಗಿರಿರಾಜ್.’ ಇಪ್ಪತ್ತಾರರ ಹುಡುಗ. ಜಿಮ್ ಮೈ.

ಅನಿಕೇತನನ್ನು ಕೇಳಿದೆ. ಮುಖ ನೋಡದೆ ಮಾತಾಡಿದ. ‘ಚಾನೆಲ್ ಡಿಸಿಷನ್ ಸಾರ್. ಯಂಗ್ ಫೇಸ್ ಬೇಕಂತೆ. ನಾನು ತುಂಬಾ ಫೈಟ್ ಮಾಡ್ದೆ.’ ಮೊಬೈಲು ಜೇಬಿಗಿಟ್ಟು— ‘ಸಾರ್, ನಡಿಗೆ ಮಾತ್ರ ಬೇಕೇ ಬೇಕು. ಜನ ಹಿಡ್ಕೊಂಡಿರೋದೇ ಅದನ್ನ. ನೀವೇ ಅವ್ನಿಗೆ ಕಲಿಸ್ಬೇಕು.’

ಎರಡು ತಿಂಗಳು ಮೂಗಿಗೆ ತುಪ್ಪ ಸವರಿದ. ನಾನೂ ನಾಲಿಗೆ ಚಾಚಿದೆ. ಅವನಿಗಿಂತ ನನ್ನ ಮೇಲೇ ಸಿಟ್ಟು. ಕೈ ಮೇಲಿನ ತುಟಿಗೆ ಹೋಗುತ್ತೆ, ಅಲ್ಲಿ ಮೀಸೆ ಇಲ್ಲ.

ನವೆಂಬರ್ 5

ಹೋಗಲಿಲ್ಲ. ಮೊಬೈಲ್ ಆಫ್.

ನವೆಂಬರ್ 7

ಹೋದೆ. ಗಂಗಾ ಕೇಳಿದಳು, ಯಾಕೆ ಅಂತ. ಆ ಹುಡುಗ ಕೆಟ್ಟದಾಗಿ ನಡೆದು ಝೂರನ ಮಾನ ಕಳೆಯುತ್ತಾನೆ ಅಂತ ಹೇಳಿದೆ. ನಿಜವೂ ಅದೇ. ಮುಖ ಹೋಯಿತು, ನಡಿಗೆಯಾದರೂ ನೆಟ್ಟಗಿರಲಿ.

ಗಿರಿರಾಜ್ ಮೊದಲು ಕುಂಟಿದ್ದು ಸ್ಕೂಲ್ ಡೇ ನಾಟಕದ ಹಾಗೆ. ಹಿಮ್ಮಡಿ ಕೆಳಗೆ ಹುಣಸೆಬೀಜ ಇಡಿಸಿದೆ, ಕಂಪನಿಯ ಹಳೇ ಉಪಾಯ. ಬೀಜಕ್ಕೆ ಕುಂಟಿದ, ಝೂರನ ಹಾಗಲ್ಲ. ಆಮೇಲೆ ನೆಲದ ಮೇಲೆ ಕೂತು ಕೇಳಿದ. ‘ಸಾರ್, ಎಲ್ಲಿ ನೋಯುತ್ತೆ ಅಂತ ಹೇಳಿ. ಅಲ್ಲಿಂದ ಶುರು ಮಾಡ್ತೀನಿ.’

ಈ ಸೆಟ್ಟಿನಲ್ಲಿ ಇಷ್ಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲ ಹೇಳಿದೆ. ಮೊದಲ ಹೆಜ್ಜೆಗೆ ಕಾಲು ಮಡಚುವುದಿಲ್ಲ, ಒಂದು ಗಳಿಗೆ ಕಾಯಬೇಕು. ನೋವು ಬರುತ್ತದೆ ಅಂತ ಮೈಗೆ ಮೊದಲೇ ಗೊತ್ತು, ಅದಕ್ಕೇ ಭುಜ ಏರುತ್ತದೆ. ಜನ ಅದನ್ನು ಝೂರನ ಕೊಬ್ಬು ಅಂದುಕೊಂಡಿದ್ದಾರೆ.

ಸಂಜೆಗೆ ಅವನಿಗೆ ಬಂತು. ನನ್ನ ನಡಿಗೆ ನನ್ನೆದುರಿನಿಂದ ದೂರ ಹೋಗುವುದನ್ನು ನಿಂತು ನೋಡಿದೆ. ಹೊಟ್ಟೆ ಉರಿಯಿತು. ಎಷ್ಟು ಚೆನ್ನಾಗಿ ಕಲಿಸಿದೆ ಅಂತ ಹೆಮ್ಮೆಯೂ ಆಯಿತು, ಸುಳ್ಳೇಕೆ? ಹುಡುಗ ಬಂದು ಕಾಲಿಗೆ ಬಿದ್ದ. ಎಡಗಾಲನ್ನು ಮುಟ್ಟಲಿಲ್ಲ, ಬಲಗಾಲನ್ನಷ್ಟೇ ಮುಟ್ಟಿದ.

ಆಸ್ಪತ್ರೆಗೆ ಫೋನು ಮಾಡಿದೆ. ಡಿಸೆಂಬರ್ 3.

ನವೆಂಬರ್ 21, ಶುಕ್ರವಾರ

ಸಂಜೆ ಏಳಕ್ಕೆ ನೂರನೇ ಎಪಿಸೋಡ್. ಗಂಗಾ ಪಕ್ಕದ ಮನೆಯ ಅನಂತಲಕ್ಷ್ಮಿಯವರನ್ನು ತಿಂಗಳ ಹಿಂದೆಯೇ ಕರೆದಿದ್ದಳು, ಬೇಡ ಅನ್ನಲು ಬಾಯಿ ಬಂದಿಲ್ಲ. ಅವರು ಕೋಡುಬಳೆ ತಂದರು. ಝೂರ ತಲೆ ತೆಗೆದ. ಗಿರಿರಾಜ್.

‘ಎಲ್ರೀ ನಿಮ್ಮನೆಯವ್ರು?’

ಗಂಗಾ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು. ‘ಮುಖ ಬಿಡಿ. ನಡಿಗೆ ನೋಡಿ, ನಡಿಗೆ. ಅದು ನಮ್ಮನೆಯವ್ರದ್ದು.’

ಆ ಶಾಟಿನಲ್ಲಿ ಕಾಲೂ ಗಿರಿರಾಜನದೇ. ನಾನು ಕೋಡುಬಳೆ ಕಡಿಯುತ್ತಾ ಕೂತೆ.

ಅವರು ಹೋದ ಮೇಲೆ ತಟ್ಟೆ ಎತ್ತುತ್ತಾ ಗಂಗಾ ಹೇಳಿದಳು. ‘ಅದು ನೀವಲ್ಲ ಅಂತ ನಂಗೊತ್ತು ರೀ. ಅವ್ನು ಹೊಸ್ತಿಲು ದಾಟೋವಾಗ ಗೋಡೆ ಹಿಡ್ಕೊಳ್ಲಿಲ್ಲ.’

ಕಲಿಸುವಾಗ ಅದೊಂದು ಮರೆತಿದ್ದೆ. ನಾನು ಗೋಡೆ ಹಿಡಿಯುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.

ಡಿಸೆಂಬರ್ 3, ಬುಧವಾರ, ಬೆಳಿಗ್ಗೆ 7.40

ಆಸ್ಪತ್ರೆ. ಹಸಿರು ಗೌನು, ಹಿಂದೆ ದಾರ. ಇದಕ್ಕಿಂತ ಝೂರನ ಡ್ರೆಸ್ಸೇ ವಾಸಿ.

ಈಗಷ್ಟೇ ಫಿಸಿಯೋದ ಹುಡುಗಿ ಬಂದಿದ್ದಳು, ಅಮೂಲ್ಯಾ. ಟ್ಯಾಬ್ ಹಿಡಿದುಕೊಂಡು, ‘ಕಾರಿಡಾರ್‌ನಲ್ಲಿ ನಡೀರಿ ಸಾರ್. ಆಪರೇಷನ್‌ಗೆ ಮುಂಚೆ ಹೆಂಗಿತ್ತು ಅಂತ ವೀಡಿಯೋ ಬೇಕು. ನಾಳೆಯಿಂದ ಈ ನಡಿಗೆ ಇರಲ್ಲ’ ಎಂದಳು. ಕೈಯಲ್ಲೇ ತಲೆ ಬಾಚಿಕೊಂಡೆ. ಅರ್ಧ ಬೆಳೆದ ಮೀಸೆ ತೀಡಿಕೊಂಡೆ.

‘ಮುಖ ಬೇಡ ಸಾರ್. ಸೊಂಟದಿಂದ ಕೆಳಗೆ ಸಾಕು.’

ನನಗೆ ನಗು ತಡೆಯಲಾಗಲಿಲ್ಲ. ಗಂಗಾ ನಗಲಿಲ್ಲ. ಬ್ಯಾಗಿನಿಂದ ತನ್ನ ಮೊಬೈಲು ತೆಗೆದಳು. ‘ನಿಮ್ದು ನೀವು ತಗೊಳ್ಳಮ್ಮ. ನಂಗೆ ಪೂರ್ತಿ ಬೇಕು.’

ಆ ತುದಿಯಿಂದ ಈ ತುದಿಗೆ ನಡೆದೆ. ಬರಿ ತಲೆಯಲ್ಲಿ. ನೋಡುವುದಕ್ಕೆ ಎರಡು ಕಣ್ಣು. ಎದುರಿಗೆ ಗಂಗಾ. ಅರ್ಧಕ್ಕೆ ಬಂದಾಗ ಗೋಡೆ ಹಿಡಿದೆ. ‘ಹಿಡ್ಕೊಳ್ಳಿ ಹಿಡ್ಕೊಳ್ಳಿ, ಅದೂ ಬರ್ಲಿ’ ಎಂದಳು.

ವೀಡಿಯೋ ಹಾಕಿ ನೋಡಿದೆವು. ಮುಖ ಸುಮಾರಾಗಿದೆ. ಸುಸ್ತಾದ ಮುಖ. ಆದರೆ ಆ ಕಾಲಿಗೆ ಅದೇ ಸರಿ, ಬೇರೆ ಯಾವ ಮುಖವೂ ಒಪ್ಪುವುದಿಲ್ಲ.

ಟ್ರಾಲಿ ಬಂತು. ಮಲಗಿ ಎನ್ನುತ್ತಿದ್ದಾರೆ. ಗಂಗಾ ಅವರನ್ನು ತಡೆದು ನಿಲ್ಲಿಸಿದ್ದಾಳೆ. ಕಣ್ಣು ಮುಚ್ಚಿಬಿಟ್ಟಿದ್ದೆನಂತೆ, ಇನ್ನೊಂದು ಟೇಕ್ ಬೇಕಂತೆ, ಬಾಗಿಲವರೆಗಾದರೂ. ಮೊಬೈಲು ಎತ್ತಿ ನಿಂತಿದ್ದಾಳೆ. ಪೆನ್ನು ಇಟ್ಟು ಏಳಬೇಕು, ಮೊದಲ ಹೆಜ್ಜೆಗೆ ಒಂದು ಗಳಿಗೆ…